ನಂದಿ ಬೆಟ್ಟ ಬಿಡಿ, ಚೌಕ ಹಿಡಿಯಿರಿ

ಆಕ್ರಿಲಿಕ್ ಬಣ್ಣ ಕಲಿಯಲು ಹೊರಟವರಿಗೆ ನನ್ನದೊಂದು ಸಲಹೆ: ಮೊದಲ ಕ್ಯಾನ್ವಾಸಿನ ಮೇಲೆ ನಂದಿ ಬೆಟ್ಟದ ಸೂರ್ಯೋದಯ ಬಿಡಿಸಬೇಡಿ.

ಯಲಹಂಕ ಉಪನಗರದಿಂದ ಆರ್‌.ಟಿ. ನಗರದವರೆಗೆ ವಾರಾಂತ್ಯದ ಪೇಂಟಿಂಗ್ ಕ್ಲಾಸುಗಳಿಗೆ ಈಗ ಬರವಿಲ್ಲ. ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್, ಕೆಫೆಯ ಮಹಡಿ, ಡ್ರಾಯಿಂಗ್ ಮೇಷ್ಟ್ರ ಮನೆಯ ಹಾಲ್, ಎಲ್ಲೆಂದರಲ್ಲಿ ಈಸಲ್ ನಿಂತಿವೆ. ಬಹಳಷ್ಟು ಕಡೆ ಮೊದಲ ದಿನದ ಪಾಠ ಒಂದೇ. ಕಿತ್ತಳೆ ಆಕಾಶ, ಕೆಳಗೆ ಮಂಜು, ಒಂದು ಒಂಟಿ ಮರ, ಮೇಲೆ ಎರಡು ಹಕ್ಕಿ. ಮಧ್ಯಾಹ್ನದೊಳಗೆ ಚಿತ್ರ ಮುಗಿದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಏರುತ್ತದೆ, ನೆಂಟರೆಲ್ಲ ಸೂಪರ್ ಅನ್ನುತ್ತಾರೆ. ಖುಷಿಗೆ ಇದು ಸಾಕು, ಬೇಡವೆನ್ನಲು ನಾನ್ಯಾರು? ಕಲಿಕೆಗೆ ಮಾತ್ರ ಸಾಲದು. ಮಂಜು ಎಲ್ಲ ಲೋಪವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬಣ್ಣ ಗಂಟುಕಟ್ಟಿದರೆ ಅದು ಮೋಡ, ಕುಂಚ ಜಾರಿದರೆ ಅದು ಮರದ ಕೊಂಬೆ.

ಅದರ ಬದಲು ಪೀಟ್ ಮೊಂಡ್ರಿಯನ್ 1930ರಲ್ಲಿ ಬಿಡಿಸಿದ, ಈಗ ಜೂರಿಕ್ ನಗರದ ಕುನ್ಸ್ಟ್‌ಹೌಸ್ ಸಂಗ್ರಹಾಲಯದಲ್ಲಿರುವ ಕೆಂಪು, ನೀಲಿ, ಹಳದಿಯ ಸಂಯೋಜನೆಯನ್ನು ಎದುರಿಗಿಟ್ಟುಕೊಂಡು ನಕಲು ಮಾಡಿ. ಚಿತ್ರ ಗೊತ್ತಿಲ್ಲವೆಂದರೂ ನೋಡಿರುತ್ತೀರಿ. ಬಲಗಡೆ ಮೇಲೆ ದೊಡ್ಡ ಕೆಂಪು ಚೌಕ, ಎಡಗಡೆ ಕೆಳಮೂಲೆಯಲ್ಲಿ ನೀಲಿ, ಬಲಗಡೆ ಕೆಳಮೂಲೆಯಲ್ಲಿ ಹಳದಿಯ ಒಂದು ತುಣುಕು, ಉಳಿದದ್ದು ಬಿಳಿ, ನಡುನಡುವೆ ಕಪ್ಪು ಗೆರೆ. ಟೀ ಶರ್ಟು, ಫೋನಿನ ಕವರು, ಬಾತ್‌ರೂಮ್ ಟೈಲ್ಸು ಎಲ್ಲದರ ಮೇಲೂ ಬಂದು ಹೋದ ವಿನ್ಯಾಸ. ಅಳತೆ 46 ಸೆಂಟಿಮೀಟರ್ ಚೌಕ, ಅಂದರೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ 18 ಇಂಚಿನ ಕ್ಯಾನ್ವಾಸಿಗೆ ಹೆಚ್ಚುಕಡಿಮೆ ಸರಿ. ಮೂಲದ ಅಳತೆಯಲ್ಲೇ ನಕಲು ಮಾಡುವ ಅವಕಾಶ ಇಷ್ಟು ಸಲೀಸಾಗಿ ಬೇರೆ ಯಾವ ಪ್ರಸಿದ್ಧ ಚಿತ್ರದಲ್ಲಿ ಸಿಗುತ್ತದೋ ಕಾಣೆ.

ನಮ್ಮ ಬೀದಿಯ ನಿವೃತ್ತ ಎಂಜಿನಿಯರರೊಬ್ಬರು ಇದನ್ನು ಕೇಳಿ, "ಅದರಲ್ಲೇನಿದೆ ಸ್ವಾಮಿ, ಸ್ಕೇಲು, ಟೇಪು ಇದ್ದರೆ ಮುಗೀತಲ್ಲ?" ಎಂದರು. ಹಾಗೆ ಕಾಣುತ್ತದೆ, ನಿಜ. ಬಣ್ಣ, ಅಂಚು, ಸಮತಟ್ಟು, ಇಷ್ಟೇ ಇರುವ ಚಿತ್ರದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ ಎಂಬುದು ಕೆಂಪು ಚೌಕಕ್ಕೆ ಎರಡನೇ ಕೋಟು ಹಾಕುವಾಗ ತಿಳಿಯುತ್ತದೆ.

ಮೊದಲು ಈ ಬಣ್ಣ ಏನೆಂದು ಹೇಳಿಬಿಡುತ್ತೇನೆ. ಆಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಪ್ಲಾಸ್ಟಿಕ್ ಕಣಗಳು, ಅವುಗಳ ಜೊತೆ ಬಣ್ಣದ ಪುಡಿ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಬೆಸೆದು, ಪದರವಾಗುತ್ತವೆ. ಒಮ್ಮೆ ಪದರವಾದರೆ ಮತ್ತೆ ನೀರಿಗೆ ಕರಗುವುದಿಲ್ಲ. ಜಲವರ್ಣಕ್ಕೂ ಇದಕ್ಕೂ ಇರುವ ದೊಡ್ಡ ಅಂತರ ಇದೇ. ನಿಮ್ಮ ಮನೆಯ ಗೋಡೆಗೆ ಬಳಿಸಿದ ಎಮಲ್ಷನ್ ಪೇಂಟಿನಲ್ಲೂ ಸಾಮಾನ್ಯವಾಗಿ ಇದೇ ಜಾತಿಯ ಅಂಟು ಇರುತ್ತದೆ. ವರ್ಣದ್ರವ್ಯ ಎಷ್ಟು, ಅದು ಎಷ್ಟು ವರ್ಷ ಮಾಸದೆ ಬಾಳುತ್ತದೆ ಎಂಬುದರಲ್ಲಿ ಕಲಾವಿದರ ಟ್ಯೂಬು ಬೇರೆಯಾಗುತ್ತದೆ. ಜರ್ಮನಿಯ ಒಟ್ಟೊ ರೋಮ್ 1901ರಲ್ಲೇ ಈ ರಾಸಾಯನಿಕದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದಿದ್ದರೂ, ನೀರಲ್ಲಿ ಬೆರೆಯುವ ಆಕ್ರಿಲಿಕ್ ಚಿತ್ರಕಾರರ ಕೈಸೇರಿದ್ದು 1950ರ ದಶಕದ ನಡುವೆ, ಅಮೆರಿಕದಲ್ಲಿ. ಮೊಂಡ್ರಿಯನ್ 1944ರಲ್ಲೇ ತೀರಿಕೊಂಡಿದ್ದರು. ಅವರು ಬಳಸಿದ್ದು ಎಣ್ಣೆಬಣ್ಣ. ಹಾಗಾಗಿ ಅವರ ಚಿತ್ರವನ್ನು ಆಕ್ರಿಲಿಕ್‌ನಲ್ಲಿ ಬಿಡಿಸುವಾಗ, ಅವರು ಎಣ್ಣೆಯಲ್ಲಿ ನಿಧಾನವಾಗಿ ಮಾಡಿದ್ದನ್ನು ನೀವು ಬೇಗ ಒಣಗುವ ಬಣ್ಣದಲ್ಲಿ ಬೇರೆ ದಾರಿಯಿಂದ ಸಾಧಿಸಬೇಕಾಗುತ್ತದೆ. ಪಾಠ ಇರುವುದು ಆ ಬೇರೆ ದಾರಿಯಲ್ಲೇ.

ಐದು ಟ್ಯೂಬ್ ಸಾಕು: ಕೆಂಪು, ಅಲ್ಟ್ರಾಮರೀನ್ ನೀಲಿ, ಹಳದಿ, ಟೈಟಾನಿಯಂ ಬಿಳಿ, ಕಪ್ಪು. ಕ್ಯಾಮಲ್‌ನ ಟ್ಯೂಬಾದರೂ ಆದೀತು. 24 ಬಣ್ಣದ ಪೆಟ್ಟಿಗೆ ಕೊಳ್ಳಬೇಡಿ, ಅದರಲ್ಲಿ ಅರ್ಧ ಬಣ್ಣ ಈ ಐದರಿಂದ ನೀವೇ ಕಲಸಿಕೊಳ್ಳಬಹುದಾದದ್ದು. ಒಂದು ಇಂಚಿನ ಚಪ್ಪಟೆ ಸಿಂಥೆಟಿಕ್ ಬ್ರಷ್, ಅರ್ಧ ಇಂಚಿನದೊಂದು, ತೆಳು ಗೆರೆಗೊಂದು ಲೈನರ್. ಹಾರ್ಡ್‌ವೇರ್ ಅಂಗಡಿಯ ಮಾಸ್ಕಿಂಗ್ ಟೇಪ್. ಬಣ್ಣ ಒಣಗದಂತೆ ಒಂದು ಒದ್ದೆ ಪ್ಯಾಲೆಟ್ ಬೇಕು, ಅದನ್ನು ಕೊಳ್ಳಬೇಕಾಗಿಲ್ಲ. ಅಗಲದ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟರೆ ಆಯಿತು.

ಕ್ಯಾನ್ವಾಸಿಗೆ ಅಂಗಡಿಯವರು ಬಳಿದುಕೊಟ್ಟ ಬಿಳಿ ತಳದ ಮೇಲೆ ಇನ್ನೆರಡು ಕೋಟು ಜೆಸ್ಸೊ ಎಂಬ ತಳಬಣ್ಣ ಬಳಿಯಿರಿ, ಒಂದು ಅಡ್ಡ, ಇನ್ನೊಂದು ಉದ್ದ. ಒಣಗಿದ ಮೇಲೆ 320 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ. ಬಟ್ಟೆಯ ಎಳೆ ಉಬ್ಬಿಕೊಂಡಿದ್ದರೆ ನೇರ ಗೆರೆ ಎಂಬುದು ಕನಸು, ಬಣ್ಣ ಎಳೆಗಳ ನಡುವಿನ ಕಾಲುವೆಯಲ್ಲಿ ನುಸುಳುತ್ತದೆ. ಗೋಡೆಗೆ ಪುಟ್ಟಿ ಹಾಕಿ ಉಜ್ಜದೆ ಪೇಂಟ್ ಮಾಡಿದರೆ ಏನಾಗುತ್ತದೆಂದು ಮನೆ ಕಟ್ಟಿಸಿದವರಿಗೆ ಹೇಳಬೇಕಿಲ್ಲ.

ಇನ್ನು ಹವೆ. ಫೆಬ್ರುವರಿ, ಮಾರ್ಚಿನ ಒಣ ಮಧ್ಯಾಹ್ನ ಯಲಹಂಕದಲ್ಲಿ ಫ್ಯಾನ್ ಹಾಕಿಕೊಂಡು ಆಕ್ರಿಲಿಕ್ ಹಚ್ಚಲು ಕೂತರೆ, ತಟ್ಟೆಯಲ್ಲಿನ ಬಣ್ಣ ನೋಡನೋಡುತ್ತಿದ್ದಂತೆ ಕಾಯಿಸಿದ ಹಾಲಿನಂತೆ ಕೆನೆಗಟ್ಟುತ್ತದೆ. ಆ ಕೆನೆಯ ಚೂರು ಬ್ರಷ್ಷಿಗೆ ಹತ್ತಿ ಕ್ಯಾನ್ವಾಸಿಗೆ ಬಂದರೆ ಚೌಕದ ನಡುವೆ ಮೊಡವೆ ಎದ್ದಂತೆ. ಫ್ಯಾನ್ ಆರಿಸಿ, ಬೆಳಿಗ್ಗೆ ಕೂರಿ, ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ ಇರಲಿ. ಜುಲೈನಲ್ಲಿ ಇದೇ ಕೆಲಸ ಎರಡು ಪಟ್ಟು ಹಗುರ. ಚಳಿಯ ಚಿಂತೆ ನಮಗಿಲ್ಲ. ಸುಮಾರು 9 ಡಿಗ್ರಿಗಿಂತ ತಣ್ಣಗಾದರೆ ಆಕ್ರಿಲಿಕ್ ಕಣಗಳು ಸರಿಯಾಗಿ ಬೆಸೆಯುವುದಿಲ್ಲ, ಬೆಂಗಳೂರಿನ ಡಿಸೆಂಬರಿನಲ್ಲಿ ಮನೆಯೊಳಗೆ ಅಷ್ಟು ಚಳಿ ಎಲ್ಲಿಂದ ಬರಬೇಕು. ಕಾಟವೇನಿದ್ದರೂ ಬಳ್ಳಾರಿ ರಸ್ತೆಯ ಧೂಳಿನದು. ಬಾಲ್ಕನಿಯಲ್ಲಿ ಒಣಗಲಿಟ್ಟರೆ ಬಿಳಿ ಸಂಜೆಯೊಳಗೆ ಬೂದುಬಣ್ಣಕ್ಕೆ ತಿರುಗುತ್ತದೆ.

ಈಗ ಕೆಂಪಿಗೆ ಬರೋಣ, ಚಿತ್ರದ ಜೀವ ಇರುವುದೇ ಅಲ್ಲಿ. ಅಗ್ಗದ ಟ್ಯೂಬಿನ ಕೆಂಪು ಅರೆಪಾರದರ್ಶಕ. ಮೊದಲ ಕೋಟು ಹಾಕಿದಾಗ ಗೀರುಗೀರಾಗಿ ಬಿಳಿ ಇಣುಕುತ್ತದೆ. ಕೈ ತಡೆಯದೆ ಮತ್ತೆ ಅದರ ಮೇಲೇ ತಿಕ್ಕುತ್ತೀರಿ. ಅರ್ಧ ಒಣಗಿದ ಪದರ ಕಿತ್ತುಬರುತ್ತದೆ. ಇಲ್ಲಿ ಮಾಡಬೇಕಾದದ್ದು ಏನೂ ಮಾಡದಿರುವುದು. ಪೂರ್ತಿ ಒಣಗಲು ಬಿಟ್ಟು ಎರಡನೇ ಕೋಟನ್ನು ಮೊದಲನೆಯದಕ್ಕೆ ಅಡ್ಡಲಾಗಿ, ತೆಳ್ಳಗೆ ಬಳಿಯಿರಿ. ಮೂರನೆಯದು ಮತ್ತೆ ಉದ್ದಕ್ಕೆ. ದಪ್ಪನೆಯ ಒಂದು ಕೋಟಿಗಿಂತ ತೆಳುವಾದ ಮೂರು ಕೋಟು ಮೇಲು. ನೀರು ಜಾಸ್ತಿ ಬೆರೆಸಿದರೆ ಅಂಟು ಸಡಿಲವಾಗಿ ಪದರ ಬಲ ಕಳೆದುಕೊಳ್ಳುತ್ತದೆ. ತೆಳು ಮಾಡಲು ನೀರಿಗಿಂತ ಆಕ್ರಿಲಿಕ್ ಮೀಡಿಯಂ, ಅಂದರೆ ಬಣ್ಣದ ಪುಡಿಯಿಲ್ಲದ ಅದೇ ಅಂಟು, ಒಳ್ಳೆಯದು. ಇನ್ನೊಂದು ಸಂಗತಿ: ಹಸಿ ಇರುವಾಗ ಈ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಆದ್ದರಿಂದ ಬಣ್ಣ ಒಣಗಿದ ಮೇಲೆ ಒಂದು ಛಾಯೆ ಗಾಢ. ಹಸಿಯಾಗಿದ್ದಾಗ ಮೂಲಕ್ಕೆ ಸರಿಹೊಂದಿದ ಕೆಂಪು ಮಾರನೆಯ ದಿನ ಸರಿಹೊಂದುವುದಿಲ್ಲ. ಕಲಸಿದ ಬಣ್ಣವನ್ನು ಚೂರು ಕಾಗದದ ಮೇಲೆ ಹಚ್ಚಿ ಹೇರ್ ಡ್ರೈಯರ್ ಹಿಡಿದು ನೋಡಿ, ಆಮೇಲೆ ಕ್ಯಾನ್ವಾಸ್ ಮುಟ್ಟಿ. ಬೇಕಾದ್ದಕ್ಕಿಂತ ಹೆಚ್ಚೇ ಕಲಸಿ, ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಅದೇ ಕೆಂಪನ್ನು ಎರಡನೇ ಸಲ ಕಲಸುವುದು ಪಳಗಿದವರಿಗೂ ಕಷ್ಟ.

ಒಂದು ಬಣ್ಣ ಬಳಿಯುವುದರಲ್ಲಿ ಏನು ಮಹಾ ಎನ್ನುವವರಿಗೆ ಆಮ್‌ಸ್ಟರ್‌ಡ್ಯಾಮಿನ ಕಥೆಯೊಂದಿದೆ. ಅಮೆರಿಕದ ಬಾರ್ನೆಟ್ ನ್ಯೂಮನ್ ಬಿಡಿಸಿದ, ಬಹುತೇಕ ಇಡೀ ಕೆಂಪೇ ಆಗಿರುವ ಬೃಹತ್ ಕ್ಯಾನ್ವಾಸ್ ಅಲ್ಲಿನ ಸ್ಟೆಡೆಲಿಕ್ ಸಂಗ್ರಹಾಲಯದಲ್ಲಿತ್ತು. 1986ರಲ್ಲಿ ಒಬ್ಬಾತ ಚಾಕುವಿನಿಂದ ಅದನ್ನು ಸೀಳಿದ. ದುರಸ್ತಿಯಾಗಿ 1991ರಲ್ಲಿ ಮರಳಿ ಬಂದಾಗ ಹೊಲಿಗೆ ಕಾಣದಿದ್ದರೂ ಕೆಂಪು ಸತ್ತಿದೆ ಎಂದು ನೋಡಿದವರು ಗಲಾಟೆ ಎಬ್ಬಿಸಿದರು. ಸೀಳಿದ ಜಾಗವನ್ನಷ್ಟೇ ತಿದ್ದುವ ಬದಲು ಇಡೀ ಕೆಂಪಿನ ಮೇಲೆ ರೋಲರ್ ಓಡಿಸಲಾಗಿದೆ ಎಂಬುದು ಆರೋಪ. ವರ್ಷಗಟ್ಟಲೆ ವಿವಾದ ನಡೆಯಿತು. ನ್ಯೂಮನ್ ಪದರದ ಮೇಲೆ ಪದರವಾಗಿ ಕೈಯಲ್ಲಿ ಕಟ್ಟಿದ್ದ ಕೆಂಪಿನ ಆಳ ಹೋಯಿತು ಎಂಬುದೇ ದೂರು. ಮೂರು ಕೋಟು ಹಾಕಿದ ನಿಮ್ಮ ಚೌಕವನ್ನು ಕಿಟಕಿಯ ಪಕ್ಕ ಓರೆಯಾಗಿ ಹಿಡಿದು ನೋಡಿದರೆ ಆ ದೂರು ಯಾಕೆಂದು ಅರ್ಥವಾಗುತ್ತದೆ.

ನೀಲಿಗೆ ಚಿಟಿಕೆ ಬಿಳಿ ಬೆರೆಸಿ, ಇಲ್ಲವಾದರೆ ಅಲ್ಟ್ರಾಮರೀನ್ ಒಣಗಿದ ಮೇಲೆ ಕಪ್ಪೆಂದೇ ಕಾಣುತ್ತದೆ. ಹಳದಿ ಎಲ್ಲಕ್ಕಿಂತ ದುರ್ಬಲ, ಕೆಳಗಿನ ಪೆನ್ಸಿಲ್ ಗೀಟನ್ನೂ ಮುಚ್ಚದು. ತಳ ಅಚ್ಚಬಿಳಿಯಾಗಿಯೇ ಇರಲಿ.

ಬಿಳಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊಂಡ್ರಿಯನ್ ಬಿಳಿ ಎಂದರೆ ಬಣ್ಣ ಹಚ್ಚದೆ ಬಿಟ್ಟ ಜಾಗ ಎಂದುಕೊಂಡರೆ ನಕಲು ಅಲ್ಲೇ ಕೆಟ್ಟಿತು. ಅವರು ಬಿಳಿಯನ್ನೂ ಬಳಿದರು, ಮತ್ತೆ ಮತ್ತೆ ಅದರ ಮೇಲೇ ಬಳಿದರು, ಕುಂಚದ ಗೀರಿನ ದಿಕ್ಕನ್ನೂ ಬದಲಿಸಿದರು. ಒಂದು ಬಿಳಿ ಕೊಂಚ ಬೂದು, ಒಂದು ಕೊಂಚ ತಣ್ಣಗೆ. ಟೈಟಾನಿಯಂ ಬಿಳಿಯನ್ನು ಮೂರು ಪಾಲು ಮಾಡಿ, ಒಂದಕ್ಕೆ ಸೂಜಿಮೊನೆಯಷ್ಟು ಕಪ್ಪು, ಇನ್ನೊಂದಕ್ಕೆ ಅಷ್ಟೇ ನೀಲಿ ಬೆರೆಸಿ, ಒಂದೊಂದು ಚೌಕಕ್ಕೆ ಒಂದೊಂದು ದಿಕ್ಕಿನಲ್ಲಿ ಬಳಿಯಿರಿ. ಮುದ್ರಿತ ಪುಸ್ತಕದಲ್ಲಾಗಲಿ ಫೋನಿನ ಪರದೆಯಲ್ಲಾಗಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಾಗಿ ಒಮ್ಮೆ ನಿಜವಾದ ಕ್ಯಾನ್ವಾಸುಗಳ ಮುಂದೆ ಹೋಗಿ ನಿಲ್ಲಿ. ಹೆಬ್ಬಾಳದಿಂದ ನೇರ ದಾರಿ: ಮೇಖ್ರಿ ವೃತ್ತ ದಾಟಿ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್, 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಆ ಹೊತ್ತಿಗೆ ಯಾರ ಕೃತಿ ತೂಗುಹಾಕಿದ್ದರೂ ಪರವಾಗಿಲ್ಲ. ಎದುರಿಗೆ ನಿಂತು ಚಿತ್ರ ನೋಡಿದ ಮೇಲೆ ಪಕ್ಕಕ್ಕೆ ಸರಿದು ಮೇಲ್ಮೈ ನೋಡಿ, ಒಂದು ಬಣ್ಣ ಇನ್ನೊಂದನ್ನು ಮುಟ್ಟುವ ಅಂಚು ನೋಡಿ. ಕೈ ಮಾತ್ರ ಹಿಂದೆ ಕಟ್ಟಿಕೊಂಡಿರಿ, ಕಾವಲುಗಾರರಿಗೆ ಗಾಬರಿಯಾಗುತ್ತದೆ.

ಕೊನೆಗೆ ಕಪ್ಪು ಗೆರೆ. ಎಲ್ಲ ಗೆರೆಗಳೂ ಒಂದೇ ದಪ್ಪವಲ್ಲ, ಎಡಗಡೆಯ ಅಡ್ಡ ಗೆರೆ ಕಣ್ಣಿಗೆ ಹೊಡೆಯುವಷ್ಟು ದಪ್ಪ. ಕೆಳಗಿನ ಬಣ್ಣಗಳು ಒಂದು ರಾತ್ರಿಯಾದರೂ ಒಣಗಿದ ಮೇಲೆಯೇ ಟೇಪ್ ಅಂಟಿಸಿ, ಇಲ್ಲದಿದ್ದರೆ ಟೇಪಿನ ಜೊತೆ ಕೆಂಪೂ ಎದ್ದುಬರುತ್ತದೆ. ಟೇಪ್ ಅಂಟಿಸಿ ಉಗುರಿನಿಂದ ಅಂಚನ್ನು ಗಟ್ಟಿಯಾಗಿ ಒತ್ತಿದ ಮೇಲೂ ಕಪ್ಪು ಅಡಿಯಲ್ಲಿ ನುಗ್ಗುತ್ತದೆ. ಇದಕ್ಕೊಂದು ಉಪಾಯವಿದೆ. ಟೇಪಿನ ಅಂಚಿಗೆ ಮೊದಲು ಅಡಿಯಲ್ಲಿರುವ ಬಣ್ಣವನ್ನೇ, ಕೆಂಪಿನ ಕಡೆ ಕೆಂಪು, ಬಿಳಿಯ ಕಡೆ ಬಿಳಿ, ತೆಳುವಾಗಿ ಹಚ್ಚಿ ಒಣಗಿಸಿ. ಎರಡು ಬಣ್ಣದ ಗೊಡವೆ ಬೇಡವೆಂದರೆ ಬಣ್ಣವಿಲ್ಲದ ಮೀಡಿಯಂ ಹಚ್ಚಬಹುದು. ನುಗ್ಗುವುದೇನಿದ್ದರೂ ಅದೇ ನುಗ್ಗಿ ಸಂದು ಮುಚ್ಚುತ್ತದೆ, ಆಮೇಲೆ ಹಚ್ಚಿದ ಕಪ್ಪಿಗೆ ದಾರಿ ಸಿಗುವುದಿಲ್ಲ. ಕಪ್ಪು ಇನ್ನೂ ಹಸಿಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಿಸಿ, ಓರೆಯಾಗಿ, ನಿಧಾನವಾಗಿ ಎಳೆಯಿರಿ. ಅಂಚು ಬ್ಲೇಡಿನಂತೆ ಬಂದರೆ ಆ ದಿನ ಇನ್ನೇನೂ ಮಾಡದೆ ಎದ್ದುಬಿಡಬಹುದು.

ಆದರೆ ಎಲ್ಲ ಗೆರೆಗೂ ಟೇಪ್ ಬೇಡ. ಒಂದೆರಡನ್ನು ಪೆನ್ಸಿಲ್ ಗೀಟಿನ ಗುರುತಿಗೆ ಬರೀ ಕೈಯಲ್ಲಿ ಎಳೆಯಿರಿ. ಬೋರ್ಡ್ ಬರೆಯುವವರು ಹಾಗೆಯೇ ಮಾಡುತ್ತಿದ್ದರು. ಫ್ಲೆಕ್ಸ್ ಬರುವ ಮುಂಚೆ ಯಶವಂತಪುರದಂಥ ಮಾರುಕಟ್ಟೆ ಬೀದಿಗಳಲ್ಲಿ ಅಂಗಡಿ ಬೋರ್ಡೆಲ್ಲ ಅವರ ಕೈಬರಹ. ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಎರಡು ತುದಿ ಬಿಗಿಹಿಡಿದು ಛಟ್ಟೆಂದು ಬಡಿದರೆ ನೇರ ಗೀಟು. ಎಡಗೈಯಲ್ಲಿ ಒಂದು ಕೋಲು, ಅದರ ಮೇಲೆ ಬಲಗೈ ಊರಿ, ಉಸಿರು ಬಿಗಿಹಿಡಿದು ಬ್ರಷ್ ಎಳೆಯುವುದು. ಆ ಗೆರೆಯಲ್ಲಿ ಟೇಪಿನ ಗೆರೆಯಲ್ಲಿಲ್ಲದ ಒಂದು ಸಣ್ಣ ಕಂಪನ ಇರುತ್ತಿತ್ತು. ಮೊಂಡ್ರಿಯನ್‌ರ ಗೆರೆಗಳಲ್ಲೂ ಅದಿದೆ. ಅವರು ಬಣ್ಣದ ಕಾಗದದ ಟೇಪ್ ಹಿಡಿದದ್ದು ನ್ಯೂಯಾರ್ಕ್ ಸೇರಿದ ಮೇಲೆ, ಕೊನೆಯ ವರ್ಷಗಳಲ್ಲಿ. ಅದೂ ಗೆರೆಯನ್ನು ಎಲ್ಲಿ ಇಡಬೇಕೆಂದು ಸರಿಸಿ ಸರಿಸಿ ನೋಡಲು. ಹಾಗೆ ಟೇಪಿನಲ್ಲೇ ಉಳಿದುಹೋದ 1941ರ ಒಂದು ಕೃತಿಯನ್ನು ದಶಕಗಳಿಂದ ತಲೆಕೆಳಗಾಗಿ ತೂಗುಹಾಕಲಾಗಿದೆ ಎಂದು 2022ರಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ಸಂಗ್ರಹಾಲಯದ ಕ್ಯುರೇಟರ್ ಹೇಳಿದರು. ಈಗ ತಿರುಗಿಸಿದರೆ ಒಣಗಿದ ಟೇಪುಗಳು ಕಳಚಿ ಬೀಳಬಹುದೆಂಬ ಭಯಕ್ಕೆ ಹಾಗೆಯೇ ಬಿಟ್ಟಿದ್ದಾರೆ.

ಮೊಂಡ್ರಿಯನ್ ಮುಗಿದ ಮೇಲೆ ರಝಾ. ನಮ್ಮ ದೇಶದ ಚಿತ್ರಕಾರ ಸೈಯದ್ ಹೈದರ್ ರಝಾ 1950ರಲ್ಲಿ ಪ್ಯಾರಿಸ್‌ಗೆ ಹೋದರು, 1962ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಮಾಡಲು ಹೋಗಿ ಅಲ್ಲಿನ ಕಲಾವಿದರ ದೊಡ್ಡ ಬಣ್ಣದ ಹಾಸುಗಳನ್ನು ನೋಡಿದರು. ಮುಂದೆ ಆಕ್ರಿಲಿಕ್ ಅವರ ಮುಖ್ಯ ಮಾಧ್ಯಮವಾಯಿತು. ಬಿಂದು, ತ್ರಿಕೋನ, ಚೌಕಗಳ ಅವರ ಹೆಸರಾಂತ ಕೃತಿಗಳು ಹೆಚ್ಚಿನವು ಆಕ್ರಿಲಿಕ್‌ನವೇ. 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 24 ಲಕ್ಷ ಪೌಂಡಿಗೆ ಹೋದ 'ಸೌರಾಷ್ಟ್ರ' 1983ರ ಆಕ್ರಿಲಿಕ್ ಕೃತಿ, ಎರಡು ಮೀಟರ್ ಚೌಕ. ಇವರ ಬಿಂದು ನಕಲು ಮಾಡುವಾಗ ಟೇಪ್ ಕೆಲಸಕ್ಕೆ ಬಾರದು. ವೃತ್ತದ ಅಂಚನ್ನು ಕೈಯೇ ಕಾಯಬೇಕು. ಕಪ್ಪಿನೊಳಗೆ ಕಂದು, ಕಡುನೀಲಿಗಳ ಪದರ ಬರಬೇಕು, ಅದಕ್ಕೆ ಮೀಡಿಯಂ ಧಾರಾಳವಾಗಿ ಬೆರೆಸಿದ ತೆಳು ಲೇಪ ಒಂದರ ಮೇಲೊಂದು. ಎಣ್ಣೆಬಣ್ಣದಲ್ಲಿ ಇಂಥ ಒಂದೊಂದು ಲೇಪ ಒಣಗಲು ದಿನಗಟ್ಟಲೆ ಕಾಯಬೇಕು. ಆಕ್ರಿಲಿಕ್‌ನಲ್ಲಿ ಒಂದು ಭಾನುವಾರದಲ್ಲಿ ಐದಾರು ಲೇಪ ಏರುತ್ತವೆ. ಕೆಂಪು ಚೌಕದಲ್ಲಿ ಕಾಟ ಕೊಟ್ಟ ಬೇಗ ಒಣಗುವ ಗುಣ ಇಲ್ಲಿ ವರ.

ಮೂರನೆಯ ಪಾಠಕ್ಕೆ ಪ್ಯಾರಿಸ್ ಯಾಕೆ, ಸಾಗರಕ್ಕೆ ಹೋಗೋಣ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಮದುವೆಗೆ ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಗೆರೆ, ಚೌಕ, ತ್ರಿಕೋನಗಳ ಕಟ್ಟುನಿಟ್ಟಿನ ಲೋಕ. ಇದನ್ನು ಅಮೂರ್ತ ಎನ್ನಲಾರೆ. ಅಲ್ಲಿನ ಪ್ರತಿ ಆಕಾರಕ್ಕೂ ಹೆಸರಿದೆ, ಅರ್ಥವಿದೆ, ಬರೆಯುವಾಗ ಹಾಡಿದೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮೊಂಡ್ರಿಯನ್‌ಗಿಂತ ಒಂದೇ ಬಣ್ಣ ಕಡಿಮೆ! ಸ್ಕೇಲಿಲ್ಲದೆ, ಟೇಪಿಲ್ಲದೆ, ಒಂದೇ ಅಗಲದ ಸಾಲು ಸಾಲು ಗೆರೆಗಳು. ಕ್ಯಾನ್ವಾಸಿಗೆ ಕೆಮ್ಮಣ್ಣಿನ ಬಣ್ಣ ಬಳಿದು, ಬಿಳಿ ಆಕ್ರಿಲಿಕ್ಕನ್ನು ಮಸಿಯಷ್ಟು ತೆಳುಮಾಡಿ, ಲೈನರ್ ಬ್ರಷ್ಷಿನಿಂದ ಅಂಗೈ ಅಗಲದ ಒಂದು ಭಾಗವನ್ನಷ್ಟೇ ನಕಲು ಮಾಡಲು ಪ್ರಯತ್ನಿಸಿ. ಬೆರಳಿನಿಂದಲ್ಲ, ಭುಜದಿಂದ ಗೆರೆ ಎಳೆಯಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ.

ನಕಲು ಮಾಡುವುದು ಕಳ್ಳತನವಲ್ಲವೇ ಎಂದು ಕೇಳುವವರಿದ್ದಾರೆ. ಮೈಸೂರು ಶೈಲಿಯ ಚಿತ್ರಗಾರರ ಮನೆಗಳಲ್ಲಿ ಗುರುವಿನ ರೇಖೆಗಳನ್ನು ತಿದ್ದಿಯೇ ಶಿಷ್ಯ ಕೈ ಪಳಗಿಸಿಕೊಳ್ಳುತ್ತಿದ್ದ. ಕಲಿಯಲು ಮಾಡಿದ ನಕಲು ಒಂದು, ಮಾರಲು ಮಾಡಿದ್ದು ಇನ್ನೊಂದು. ನಮ್ಮ 1957ರ ಕಾಯ್ದೆಯ ಪ್ರಕಾರ ಕಲಾವಿದರು ತೀರಿಕೊಂಡ 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಮೊಂಡ್ರಿಯನ್‌ರದ್ದು ಮುಗಿದಿದೆ. ರಝಾ ತೀರಿಕೊಂಡದ್ದು 2016ರಲ್ಲಿ, ಅವರದ್ದು 2076ರವರೆಗೆ ಉಂಟು. ಮನೆಯಲ್ಲಿ ಅಭ್ಯಾಸ ಮಾಡಲು ಅಡ್ಡಿಯಿಲ್ಲ, ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಗೆ ಒಯ್ದು ಮಾರುವಂತಿಲ್ಲ. 2009ರಲ್ಲಿ ದೆಹಲಿಯ ಗ್ಯಾಲರಿಯೊಂದರಲ್ಲಿ ತಮ್ಮದೇ ಪ್ರದರ್ಶನ ಉದ್ಘಾಟಿಸಲು ಹೋದ ರಝಾ, ಗೋಡೆಯ ಮೇಲಿದ್ದವು ತಮ್ಮ ಹೆಸರಿನ ನಕಲಿಗಳೆಂದು ಕಂಡು ದಂಗಾಗಿದ್ದರು. ಆದ್ದರಿಂದ ಕ್ಯಾನ್ವಾಸಿನ ಹಿಂಬದಿ 'ಇಂಥವರ ಇಂಥ ಕೃತಿಯ ಅಭ್ಯಾಸ ನಕಲು' ಎಂದು ಬರೆದು, ನಿಮ್ಮ ಹೆಸರು, ತಾರೀಕು ಹಾಕಿ. ಮುಂದೆ ಅಟ್ಟದಿಂದ ಇಳಿಸುವ ಮೊಮ್ಮಕ್ಕಳಿಗೂ ಗೊಂದಲವಿರುವುದಿಲ್ಲ.

ಇನ್ನು ಕ್ಲಾಸುಗಳಲ್ಲಿ ಯಾರೂ ಹೇಳದ ಮಾತು. ಬ್ರಷ್ ತೊಳೆದ ನೀರಿನಲ್ಲಿರುವುದು ಪ್ಲಾಸ್ಟಿಕ್. ಸಿಂಕಿಗೆ ಸುರಿದರೆ ಪೈಪಿನಲ್ಲಿ ಪದರಗಟ್ಟುತ್ತದೆ, ಉಳಿದದ್ದು ಒಳಚರಂಡಿ ಸೇರುತ್ತದೆ. ಜಕ್ಕೂರು ಕೆರೆ ತುಂಬುವುದೇ ಬಹುಪಾಲು ಸಂಸ್ಕರಿಸಿದ ಚರಂಡಿ ನೀರಿನಿಂದ. ನಾವು ಸುರಿದದ್ದು ನಮ್ಮ ಕೆರೆಗೇ ಹೋದರೆ ಆಶ್ಚರ್ಯವೇನು. ಬ್ರಷ್ಷನ್ನು ಮೊದಲು ಹಳೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಆಮೇಲೆ ಬಕೆಟ್ಟಿನಲ್ಲಿ ತೊಳೆಯಿರಿ. ಆ ನೀರಿಗೆ ಪುಡಿಮಾಡಿದ ಪಟಿಕ, ಆಮೇಲೆ ಸ್ವಲ್ಪ ಸುಣ್ಣದ ಪುಡಿ ಹಾಕಿ ಕಲಕಿ ಒಂದು ದಿನ ಬಿಡಿ. ಬಣ್ಣ ಗಂಟುಗಂಟಾಗಿ ತಳಕ್ಕಿಳಿಯುತ್ತದೆ. ತಿಳಿ ನೀರನ್ನು ಹಳೆ ಬನಿಯನ್ನಿನಲ್ಲಿ ಸೋಸಿ ಚರಂಡಿಗೆ ಬಿಡಿ, ಬಟ್ಟೆಯಲ್ಲಿ ಉಳಿದ ಗಸಿ ಒಣಗಿದ ಮೇಲೆ ಒಣ ಕಸಕ್ಕೆ ಹಾಕಿ. ಕ್ಲಾಸ್ ನಡೆಸುವವರು ಪ್ರತಿ ಬ್ಯಾಚಿಗೂ ಇಂಥದೊಂದು ಬಕೆಟ್ ಇಡಲಿ. ಅವರು ಇಡದಿದ್ದರೆ, ಫೀಸು ಕೊಟ್ಟ ನೀವು ಕೇಳಿ ಇಡಿಸಿ.